ಮಗಳಿಗೆ ಪಿಯಾನೋ ಕಲಾವಿದೆ ಆಗುವ ಆಸೆ. ಆ ಬದುಕು ನಿಜಕ್ಕೂ ಹೇಗಿರುತ್ತೆ?

ಕೋಡಿಬಾಗದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದಲ್ಲಿದ್ದೇವೆ, ಮೂಲ ಶಿರಸಿ ಕಡೆಯವರು. ಮಗಳಿಗೆ ಈಗ ಹದಿನಾಲ್ಕು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಕೀಬೋರ್ಡ್ ಶುರು ಮಾಡಿದಳು, ಆಮೇಲೆ ಮಡಗಾಂವಿನಲ್ಲಿ ಒಬ್ಬ ಒಳ್ಳೆಯ ಟೀಚರ್ ಸಿಕ್ಕಿದರು. ಈಗ ಪ್ರತಿ ಶನಿವಾರ ಅಪ್ಪನ ಜೊತೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಾಳೆ. ಲಂಡನ್ನಿನ ಟ್ರಿನಿಟಿ ಸಂಸ್ಥೆಯ ಸಂಗೀತ ಪರೀಕ್ಷೆಯ ಗ್ರೇಡ್ 6 ಮುಗಿದಿದೆ, ಅಂಕ ಚೆನ್ನಾಗಿ ಬಂದಿದೆ. ಹತ್ತನೇ ಕ್ಲಾಸು ಹತ್ತಿರ ಬರುತ್ತಿದೆ, ಮುಂದೇನು ಅಂತ ಕೇಳಿದರೆ "ಕಛೇರಿ ಕೊಡುವ ಪಿಯಾನೋ ಕಲಾವಿದೆ ಆಗುತ್ತೇನೆ" ಅನ್ನುತ್ತಾಳೆ. ಸುಮ್ನೆ ಹೇಳುವ ಹುಡುಗಿ ಅಲ್ಲ, ಬೆಳಿಗ್ಗೆ ನಾವು ಏಳುವ ಮೊದಲೇ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾಳೆ.

ಶಿರಸಿಯಲ್ಲಿರುವ ನಮ್ಮ ಭಾವನವರಿಗೆ ಇದು ಸರಿ ಕಾಣುತ್ತಿಲ್ಲ. ಸಂಗೀತವೇ ಬೇಕಿದ್ದರೆ ಹಿಂದೂಸ್ತಾನಿ ಕಲಿಯಲಿ, ನಮ್ಮ ಕಡೆ ಗುರುಗಳಿಗೆ ಏನು ಕಮ್ಮಿ, ಕೇಳುವವರಿಗೆ ಏನು ಕಮ್ಮಿ, ಇವಳು ಪಿಯಾನೋ ನುಡಿಸಿದರೆ ಯಾರು ಕೇಳುತ್ತಾರೆ ಅನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ, ಮಗಳ ಆಸೆಗೆ ತಣ್ಣೀರು ಹಾಕುವ ಮನಸ್ಸೂ ಇಲ್ಲ. ಮನೆಯಲ್ಲಿ ಯಾರಿಗೂ ಈ ಲೋಕ ಗೊತ್ತಿಲ್ಲ. ಐದು ವರ್ಷಕ್ಕೇ ಮಿಂಚಿದ ಮಕ್ಕಳಿಗೆ ಮಾತ್ರ ಇದು ಸಾಧ್ಯವಾ? ದಿನ ಹೇಗೆ ಹೋಗುತ್ತೆ? ಹೊಟ್ಟೆಪಾಡು ಹೇಗೆ ನಡೆಯುತ್ತೆ? ವಯಸ್ಸಾದ ಮೇಲೆ ಏನು? ಇನ್ನೊಂದು, ಇಷ್ಟು ದಿನ ಕೀಬೋರ್ಡಿನಲ್ಲೇ ನಡೆದಿದೆ, ಈಗ ನಿಜವಾದ ಪಿಯಾನೋ ಬೇಕು ಅಂತ ಟೀಚರ್ ಹೇಳುತ್ತಿದ್ದಾರೆ. ಕಡಲು ಮನೆಯಿಂದ ಕೂಗಳತೆ ದೂರ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಅಂಕೋಲೆಯವ

ಅಕ್ಕಾ, ನಾನು ಅಂಕೋಲೆಯವನು. ಜರ್ಮನಿಯಲ್ಲಿ ಪಿಯಾನೋ ಓದಿದೆ. ಈಗ ಅಲ್ಲೇ ಹಾಡುವವರಿಗೆ, ಪಿಟೀಲಿನವರಿಗೆ ಸಾಥ್ ಕೊಡುತ್ತೇನೆ, ಪಾಠ ಹೇಳುತ್ತೇನೆ. ಊರೂರು ತಿರುಗಿ ಒಬ್ಬನೇ ಕಛೇರಿ ಕೊಡುವ ದೊಡ್ಡ ಕಲಾವಿದ ನಾನಲ್ಲ. ಆದರೆ ಅಂಥವರ ಹತ್ತಿರ ಕಲಿತಿದ್ದೇನೆ, ಅವರ ದಿನಗಳನ್ನು ಹತ್ತಿರದಿಂದ ನೋಡಿದ್ದೇನೆ.

ಮೊದಲು ವಯಸ್ಸಿನ ಮಾತು. ಬೇಗ ಶುರು ಮಾಡಿದರೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲರ ದಾರಿ ಒಂದೇ ಥರ ಇರಲಿಲ್ಲ. ಕಳೆದ ಶತಮಾನದ ಅತಿ ದೊಡ್ಡ ಪಿಯಾನೋ ಕಲಾವಿದರಲ್ಲಿ ಒಬ್ಬರು ಸ್ವ್ಯಾಟೊಸ್ಲಾವ್ ರಿಕ್ಟರ್, ಹುಟ್ಟಿದ್ದು 1915ರಲ್ಲಿ. ಒಡೆಸ್ಸಾದಲ್ಲಿ ಬೆಳೆದರು. ತಂದೆ ಸಂಗೀತದವರೇ, ಆದರೂ ಹುಡುಗ ಹೆಚ್ಚಿನದನ್ನು ತಾನೇ ಕಲಿತದ್ದು. ಹದಿಹರೆಯದಲ್ಲಿ ಒಪೆರಾ ಹಾಡುವವರ ತಾಲೀಮಿಗೆ ಪಿಯಾನೋ ನುಡಿಸುವ ಕೆಲಸಕ್ಕೆ ಸೇರಿದರು. ಮಾಸ್ಕೋಗೆ ಹೋಗಿ ಹೈನ್ರಿಖ್ ನಾಯ್‌ಹೌಸ್ ಅವರ ಶಿಷ್ಯರಾಗಿದ್ದು 1937ರಲ್ಲಿ, ಆಗ ಅವರಿಗೆ ಇಪ್ಪತ್ತೆರಡು. ನಿಮ್ಮ ಮಗಳಿಗಿಂತ ಎಂಟು ವರ್ಷ ದೊಡ್ಡವರು!

ಇನ್ನೊಬ್ಬರ ಕಥೆ ನಿಮಗೆ ಇನ್ನೂ ಹತ್ತಿರದ್ದು ಅನ್ನಿಸಬಹುದು. ವಿಯೆಟ್ನಾಂನ ಡಾಂಗ್ ಥಾಯ್ ಸೋನ್. ಬಾಂಬ್ ಬೀಳುತ್ತಿದ್ದ ಕಾಲದಲ್ಲಿ ಹನೋಯ್‌ನ ಸಂಗೀತ ಶಾಲೆಯನ್ನೇ ಹಳ್ಳಿಗೆ ಸಾಗಿಸಿದ್ದರು, ಮಕ್ಕಳು ಸರದಿಯ ಮೇಲೆ ಪಿಯಾನೋ ಮುಂದೆ ಕೂರಬೇಕಿತ್ತು. ಅಮ್ಮನೇ ಮೊದಲ ಗುರು. ಆ ಹುಡುಗ ಮಾಸ್ಕೋಗೆ ಹೋಗಿ ಓದಿ, 1980ರಲ್ಲಿ ಪೋಲೆಂಡಿನ ವಾರ್ಸಾದ ಶೋಪಾನ್ ಪಿಯಾನೋ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದ. ಏಷ್ಯಾದವರು ಅದನ್ನು ಗೆದ್ದದ್ದು ಅದೇ ಮೊದಲು. ಐದು ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆ ಅದು.

ದಿನ ಹೇಗೆ ಹೋಗುತ್ತೆ ಅಂದಿರಿ. ಹೆಚ್ಚಿನ ಹೊತ್ತು ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಕೂತು ಹೋಗುತ್ತೆ ಅಕ್ಕಾ. ಜನ ನೋಡುವುದು ರಾತ್ರಿಯ ಎರಡು ಗಂಟೆ. ಅದರ ಹಿಂದೆ ದಿನಕ್ಕೆ ನಾಲ್ಕೈದು ಗಂಟೆಯ ತಾಲೀಮು, ವರ್ಷಗಟ್ಟಲೆ. ಬಾಖ್‌ನ ಫ್ಯೂಗ್ ಅಂತ ಒಂದು ಬಗೆಯ ರಚನೆ ಇದೆ, ಅದರಲ್ಲಿ ಮೂರು ನಾಲ್ಕು ಹಾಡುಗಳು ಒಟ್ಟಿಗೇ ನಡೆಯುತ್ತಿರುತ್ತವೆ, ಒಂದರ ಕೈ ಒಂದು ಹಿಡಿಯುತ್ತೆ, ಬಿಡುತ್ತೆ. ನನ್ನ ಗುರುಗಳು ಮಾಡಿಸುತ್ತಿದ್ದದ್ದು ಹೀಗೆ: ನಾಲ್ಕರಲ್ಲಿ ಒಂದು ದನಿಯನ್ನು ಬಾಯಲ್ಲಿ ಹಾಡಬೇಕು, ಉಳಿದ ಮೂರನ್ನು ಬೆರಳಲ್ಲಿ ನುಡಿಸಬೇಕು. ಆಮೇಲೆ ಹಾಡುವ ದನಿ ಬದಲಾಯಿಸಬೇಕು. ಪ್ರತಿ ಸ್ವರದ ಮೇಲೆ ಯಾವ ಬೆರಳು ಅಂತ ಪೆನ್ಸಿಲ್‌ನಲ್ಲಿ 1ರಿಂದ 5ರವರೆಗೆ ಅಂಕಿ ಬರೆದುಕೊಳ್ಳಬೇಕು, ಒಂದು ಅಂಕಿ ಬದಲಾದರೆ ಮುಂದಿನ ಎರಡು ಸಾಲು ಮತ್ತೆ ಕೈಗೆ ಕೂರಿಸಬೇಕು. ಎಷ್ಟೋ ಸಂಜೆ ನಾಲ್ಕೇ ಸಾಲಿನಲ್ಲಿ ಕಳೆದುಹೋಗುತ್ತೆ. ನಿಮ್ಮ ಮಗಳಿಗೆ ಅಂಥ ಸಂಜೆ ಬೇಜಾರು ತರುತ್ತಾ, ಇಲ್ಲ ಹಸಿವು ಹೆಚ್ಚಿಸುತ್ತಾ? ಅದನ್ನು ಗಮನಿಸಿ. ನನ್ನ ಪ್ರಕಾರ ಗ್ರೇಡಿನ ಅಂಕಕ್ಕಿಂತ ಅದು ಜಾಸ್ತಿ ಹೇಳುತ್ತೆ.

ಕಛೇರಿಯ ದಿನ ಬೇರೆಯೇ ಕಷ್ಟ. ಬೆಳಿಗ್ಗೆ ಇನ್ನೊಂದು ಊರಿಗೆ ಪ್ರಯಾಣ, ಮಧ್ಯಾಹ್ನ ಹಾಲ್‌ಗೆ ಹೋಗಿ ಅಲ್ಲಿರುವ ಪಿಯಾನೋ ಮುಂದೆ ಕೂರಬೇಕು. ಪಿಟೀಲಿನವರು ತಮ್ಮದನ್ನು ಹೆಗಲಿಗೆ ಹಾಕಿಕೊಂಡು ಬರುತ್ತಾರೆ. ಪಿಯಾನೋದವರಿಗೆ ಊರೂರಿನಲ್ಲಿ ಸಿಕ್ಕಿದ್ದೇ ಗತಿ. ಒಂದರ ಕೀ ಗಟ್ಟಿ, ಇನ್ನೊಂದರ ಪೆಡಲ್ ಸಡಿಲ, ಒಂದೆರಡು ಗಂಟೆಯಲ್ಲಿ ಅದರ ಗುಣ ಹಿಡಿದುಬಿಡಬೇಕು. ಹೊರೊವಿಟ್ಸ್ ಥರದ ದೊಡ್ಡ ಪಿಯಾನೋ ಕಲಾವಿದರು ತಮ್ಮದೇ ಪಿಯಾನೋ ಸಾಗಿಸುತ್ತಿದ್ದರು, 1986ರಲ್ಲಿ ಮಾಸ್ಕೋಗೆ ವಾಪಸ್ ಹೋಗಿ ನುಡಿಸಿದಾಗಲೂ ನ್ಯೂಯಾರ್ಕಿನಿಂದ ಅದು ಜೊತೆಗೇ ಹೋಗಿತ್ತು. ಅದೇ ವರ್ಷ ರಿಕ್ಟರ್ ಕಾರು ಹತ್ತಿ ಸೈಬೀರಿಯಾ ದಾಟುತ್ತಾ ಸಣ್ಣ ಸಣ್ಣ ಊರುಗಳಲ್ಲಿ ನುಡಿಸಿದರು. ಎಪ್ಪತ್ತು ದಾಟಿತ್ತು ಅವರಿಗೆ. ನನಗೆ ರಿಕ್ಟರ್ ಮೇಲೆ ಪ್ರೀತಿ ಜಾಸ್ತಿಯಾಗಿದ್ದೇ ಇದಕ್ಕೆ.

ಅದೃಷ್ಟದ ಪಾಲೂ ಇದೆ. 1963ರಲ್ಲಿ ಹೆಸರಾಂತ ಪಿಯಾನೋ ಕಲಾವಿದ ಗ್ಲೆನ್ ಗೂಲ್ಡ್‌ಗೆ ಹುಷಾರಿಲ್ಲದೆ ನ್ಯೂಯಾರ್ಕ್ ಕಛೇರಿ ತಪ್ಪಿದಾಗ ಆಂಡ್ರೆ ವಾಟ್ಸ್ ಅನ್ನುವ ಹದಿನಾರರ ಹುಡುಗನನ್ನು ಕೂರಿಸಿದರು, ಅವನ ಬಾಳೇ ಬದಲಾಯಿತು. 1999ರಲ್ಲಿ ಅದೇ ವಾಟ್ಸ್‌ಗೆ ಹುಷಾರು ತಪ್ಪಿತು, ಶಿಕಾಗೋ ವಾದ್ಯವೃಂದದ ಜೊತೆ ಅವರ ಜಾಗದಲ್ಲಿ ನುಡಿಸಿದ ಹದಿನೇಳರ ಹುಡುಗ ಲಾಂಗ್ ಲಾಂಗ್. ಆದರೆ ಕರೆ ಬಂದಾಗ ಇಡೀ ಕೃತಿ ಕೈಯಲ್ಲಿ ಸಿದ್ಧ ಇತ್ತು ಅನ್ನುವುದನ್ನು ಮರೆಯಬೇಡಿ.

ಹೊಟ್ಟೆಪಾಡು: ಬರೀ ಏಕಾಂಗಿ ಕಛೇರಿಯಿಂದ ಬದುಕುವವರು ಲೋಕದಲ್ಲೇ ಕಮ್ಮಿ. ಉಳಿದವರೆಲ್ಲ ಪಾಠ, ಸಾಥ್, ಒಪೆರಾ ತಾಲೀಮು, ಮೂರು ನಾಲ್ಕು ಜನ ಸೇರಿ ನುಡಿಸುವ ಗೋಷ್ಠಿ ಎಲ್ಲ ಸೇರಿಸಿ ಬದುಕು ಕಟ್ಟಿಕೊಂಡಿರುತ್ತಾರೆ. ಇದನ್ನು ಕೆಳಗಿನ ದರ್ಜೆ ಅಂತ ಯಾರೂ ತಿಳಿಯಬಾರದು. ಮೆನಾಹೆಮ್ ಪ್ರೆಸ್ಲರ್ ಅವರು 1955ರಿಂದ 2008ರವರೆಗೆ ಮೂವರು ಸೇರಿ ನುಡಿಸುವ ಒಂದೇ ತ್ರಿವಳಿ ತಂಡದಲ್ಲಿ ಪಿಯಾನೋ ನುಡಿಸಿದರು. ಆ ವರ್ಷಗಳಲ್ಲೆಲ್ಲ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಹೇಳಿದರು. ತ್ರಿವಳಿ ಮುಗಿದ ಮೇಲೆ, ತೊಂಬತ್ತನೇ ವಯಸ್ಸಿನಲ್ಲಿ, ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ಮೊದಲ ಸಲ ನುಡಿಸಿದರು! ವಯಸ್ಸಾದ ಮೇಲೆ ಏನು ಅಂದಿರಲ್ಲ, ಅದಕ್ಕೂ ಇದೇ ಉತ್ತರ.

ಶಿರಸಿ ಹಾರ್ಮೋನಿಯಂ

ತಂಗಿ, ನಿಮ್ಮ ಭಾವನವರ ಮಾತಿನಲ್ಲಿ ಅರ್ಧ ಹುರುಳಿದೆ. ನಾನು ಹಾರ್ಮೋನಿಯಂ ಸಾಥ್ ಮಾಡುವವನು, ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಇಡೀ ರಾತ್ರಿ ಕೂತು ಗಾಯನ ಕೇಳುವ ಜನ ಇದ್ದಾರೆ. ತೋಟದ ಕೆಲಸ ಮುಗಿಸಿ ಬಂದು ವಿಲಂಬಿತ ಖ್ಯಾಲಿಗೆ ತಲೆದೂಗುವವರು ಇವರು. ಕಲಾವಿದರಿಗೆ ಅಂಥ ಕೇಳುಗರು ಸಿಗುವುದು ದೊಡ್ಡ ಭಾಗ್ಯ. ಪಿಯಾನೋಗೆ ಇಲ್ಲಿ ಅದಿಲ್ಲ. ಒಂದು ದೊಡ್ಡ ಪಿಯಾನೋ ಇರುವ ಸಭಾಂಗಣ ನಮ್ಮ ಜಿಲ್ಲೆಯಲ್ಲಿ ನಾನಂತೂ ಕಂಡಿಲ್ಲ. ಹುಡುಗಿ ಕಲಿತು ತಯಾರಾದ ಮೇಲೆ ನುಡಿಸುವುದೆಲ್ಲಿ? ಅವಳ ಸಂಗೀತ ಊರಿನವರ ಕಿವಿಗೆ ಬೀಳದೇ ಹೋದರೆ ಬೇಜಾರಲ್ವಾ?

ಆದರೆ "ಹೊರಗಿನ ವಾದ್ಯ" ಅನ್ನುವ ಕಾರಣಕ್ಕೆ ಬೇಡ ಅಂದರೆ ನಾನು ಒಪ್ಪುವುದಿಲ್ಲ. ನನ್ನ ಪೆಟ್ಟಿಗೆಯೂ ಯುರೋಪಿನಿಂದಲೇ ಬಂದದ್ದು. ಅದು ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಅಂತ ಆಕಾಶವಾಣಿಯವರು 1940ರಿಂದ 1971ರವರೆಗೆ ಹೊರಗೇ ಇಟ್ಟಿದ್ದರು. ಇವತ್ತು ಹಾರ್ಮೋನಿಯಂ ಇಲ್ಲದ ಕಛೇರಿ ಎಷ್ಟಿವೆ ಹೇಳಿ? ಹುಡುಗಿಗೆ ಒಂದಿಷ್ಟು ರಾಗದ ಪಾಠವೂ ಆಗಲಿ ಅನ್ನುವುದು ನನ್ನ ಆಸೆ. ಪಿಯಾನೋದಲ್ಲಿ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬಾರದು, ಸ್ವರ ಒತ್ತಿದ ಮೇಲೆ ಅದರ ದನಿ ಇಳಿಯುತ್ತಾ ಅಡಗಿಹೋಗುತ್ತೆ. ಹಾಡಿ ಕಲಿತವರಿಗೆ ಮಾತ್ರ ಆ ಇಳಿಯುವ ಸ್ವರವನ್ನು ಮುಂದಿನದಕ್ಕೆ ಜೋಡಿಸುವ ಬಗೆ ಹೊಳೆಯುತ್ತೆ. ಮೇಲೆ ಅಂಕೋಲೆಯ ತಮ್ಮ ಬರೆದದ್ದನ್ನು ನೋಡಿ, ಅವರ ಗುರುಗಳೂ ಬಾಯಲ್ಲಿ ಹಾಡಿಸಿದ್ದಾರೆ.

ಕುಮಟಾ ಹುಡುಗಿ

ಆಂಟಿ, ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಕೈ. ನಾನು ಬೇರೆ ರಾಜ್ಯದಲ್ಲಿ ಪಿಯಾನೋ ಡಿಪ್ಲೊಮಾಗೆ ತಯಾರಾಗುತ್ತಿದ್ದಾಗ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ನೋವಿದ್ದರೂ ನುಡಿಸು, ಅಭ್ಯಾಸವಾದರೆ ಹೋಗುತ್ತೆ ಅಂದರು ಆಗಿನ ಟೀಚರ್. ಹೋಗಲಿಲ್ಲ, ಕೊನೆಗೆ ಚಮಚ ಹಿಡಿಯುವುದೂ ಕಷ್ಟವಾಯಿತು. ಇಡೀ ಮಳೆಗಾಲ ಪಿಯಾನೋ ಮುಟ್ಟದೆ ಮನೆಯಲ್ಲಿ ಕೂತೆ. ಈಗ ವಾಸಿಯಾಗಿದೆ, ಬ್ಯಾಲೆ ತರಗತಿಗಳಿಗೆ ನುಡಿಸುತ್ತೇನೆ. ಆ ಕೆಲಸ ನನಗೆ ತುಂಬಾ ಇಷ್ಟ.

ಲಿಯಾನ್ ಫ್ಲೈಶರ್ ಅನ್ನುವ ಅಮೆರಿಕದ ಪಿಯಾನೋ ಕಲಾವಿದರ ಬಗ್ಗೆ ನಿಮ್ಮ ಮಗಳಿಗೆ ಹೇಳಿ. 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆ ಗೆದ್ದವರು. ಮೂವತ್ತಾರರ ಹೊತ್ತಿಗೆ ಬಲಗೈಯ ಕೊನೆಯ ಎರಡು ಬೆರಳು ತಾವಾಗಿಯೇ ಮಡಚಿಕೊಳ್ಳತೊಡಗಿದವು. ಸ್ನಾಯುವಿಗೆ ಮಿದುಳಿನಿಂದ ಬರುವ ಸೂಚನೆಯೇ ಹದ ತಪ್ಪುವ ಕಾಯಿಲೆ ಅದು, ಡಿಸ್ಟೋನಿಯಾ ಅನ್ನುತ್ತಾರೆ. ಮೂವತ್ತು ವರ್ಷ ಅವರು ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿದರು, ಮುಂದೆ ನಿಂತು ವಾದ್ಯವೃಂದ ನಡೆಸಿದರು, ಪಾಠ ಹೇಳಿದರು. ಎಡಗೈಗೆಂದೇ ಅಷ್ಟು ಸಂಗೀತ ಇರುವುದೂ ಇನ್ನೊಬ್ಬರ ನೋವಿನಿಂದ. ಮೊದಲ ಮಹಾಯುದ್ಧದಲ್ಲಿ ಬಲತೋಳು ಕಳೆದುಕೊಂಡ ಪಿಯಾನೋ ಕಲಾವಿದ ಪೌಲ್ ವಿಟ್ಗೆನ್‌ಸ್ಟೈನ್ ದುಡ್ಡು ಕೊಟ್ಟು ರಾವೆಲ್ ಮುಂತಾದ ಸಂಗೀತ ರಚನೆಕಾರರ ಹತ್ತಿರ ಬರೆಸಿದ್ದು. ಫ್ಲೈಶರ್‌ಗೆ 1990ರ ದಶಕದಲ್ಲಿ ಬೊಟಾಕ್ಸ್ ಚುಚ್ಚುಮದ್ದಿನಿಂದ ಬೆರಳು ಸಡಿಲವಾಯಿತು, 2004ರಲ್ಲಿ ಎರಡೂ ಕೈಯಲ್ಲಿ ನುಡಿಸಿದ ಧ್ವನಿಮುದ್ರಿಕೆ ಬಂತು.

ಹೆದರಿಸಲು ಹೇಳುತ್ತಿಲ್ಲ ಆಂಟಿ. ನೋವು ಬಂದ ದಿನವೇ ನಿಲ್ಲಿಸಬೇಕು. ಕುರ್ಚಿಯ ಎತ್ತರ ನೋಡಿ, ಮೊಣಕೈ ಕೀಗಳ ಮಟ್ಟಕ್ಕೆ ಇರಲಿ. ಭುಜ ಕಿವಿಯ ಕಡೆ ಏರುತ್ತಿದ್ದರೆ ಪಕ್ಕದಲ್ಲಿ ಕೂತವರು ಹೇಳಬೇಕು, ನುಡಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ. ನೋವನ್ನು ಸೋಮಾರಿತನ ಅನ್ನುವ ಟೀಚರ್ ಆದರೆ ಬಿಟ್ಟುಬಿಡಿ, ಎಷ್ಟೇ ದೊಡ್ಡ ಹೆಸರಿರಲಿ.

ಅಂಕೋಲೆಯವ

ಕುಮಟಾದ ತಂಗಿ ಹೇಳಿದ್ದು ಒಂದಕ್ಷರವೂ ಬಿಡದೆ ಸರಿ. ಇದನ್ನು ನಾನೇ ಮೊದಲು ಬರೆಯಬೇಕಿತ್ತು.

ಶಿರಸಿಯ ಅಣ್ಣ ಕೇಳಿದ "ನುಡಿಸುವುದೆಲ್ಲಿ" ಅನ್ನುವ ಪ್ರಶ್ನೆಗೆ ಬರುತ್ತೇನೆ. ಮುಂಬೈನ ಎನ್‌ಸಿಪಿಎ ಅನ್ನುವ ಕಲಾ ಕೇಂದ್ರದಲ್ಲಿ 2006ರಿಂದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಚೆನ್ನೈಯಲ್ಲಿ ಎ. ಆರ್. ರೆಹಮಾನ್ 2008ರಲ್ಲಿ ಕೆ. ಎಂ. ಕನ್ಸರ್ವೇಟರಿ ಅನ್ನುವ ಸಂಗೀತ ಶಾಲೆ ತೆರೆದರು. ನಿಮಗೆ ಹತ್ತಿರದಲ್ಲಿ ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗವೇ ಇದೆ. ಇಷ್ಟರಿಂದ ಹೊಟ್ಟೆ ತುಂಬುತ್ತಾ ಅಂದರೆ ಇಲ್ಲ, ಪಾಠ ಹೇಳಲೇಬೇಕು. ಆದರೆ ಜಾಗ ಇಲ್ಲ, ಜನ ಇಲ್ಲ ಅನ್ನುವುದನ್ನು ಕಲಾವಿದರು ತಾವೇ ಬದಲಾಯಿಸಿದ್ದೂ ಉಂಟು. ಎರಡನೇ ಮಹಾಯುದ್ಧ ಶುರುವಾದಾಗ ಲಂಡನ್ನಿನ ಸಭಾಂಗಣಗಳೆಲ್ಲ ಮುಚ್ಚಿದ್ದವು. ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಬಾಂಬಿನ ಭಯಕ್ಕೆ ಬೇರೆ ಕಡೆ ಸಾಗಿಸಿ ಕಟ್ಟಡ ಖಾಲಿ ಬಿದ್ದಿತ್ತು. ಮೈರಾ ಹೆಸ್ ಅನ್ನುವ ಪಿಯಾನೋ ಕಲಾವಿದೆ ಅಲ್ಲೇ ಮಧ್ಯಾಹ್ನದ ಊಟದ ಹೊತ್ತಿಗೆ ಕಛೇರಿ ಶುರು ಮಾಡಿದರು, ಟಿಕೆಟು ಒಂದು ಶಿಲಿಂಗ್. 1939ರ ಅಕ್ಟೋಬರಿನಿಂದ 1946ರವರೆಗೆ, ಸೋಮವಾರದಿಂದ ಶುಕ್ರವಾರ, ಬಾಂಬ್ ಬೀಳುತ್ತಿದ್ದಾಗಲೂ ನಡೆಯಿತು, ಒಟ್ಟು 1,700ರ ಹತ್ತಿರ ಕಛೇರಿ. ಆಫೀಸಿನ ಗುಮಾಸ್ತರು, ಸೈನಿಕರು ಬಂದು ಕೇಳಿದರು. ಕಾರವಾರದಲ್ಲಿ ನಿಮ್ಮ ಮಗಳು ಹತ್ತೇ ಜನರನ್ನು ಕೂರಿಸಿ ವರ್ಷಕ್ಕೆರಡು ಸಲ ನುಡಿಸಲಿ. ಜನರ ಮುಂದೆ ನುಡಿಸುವುದನ್ನು ಜನರ ಮುಂದೆಯೇ ಕಲಿಯಬೇಕು.

ಹೆಣ್ಣುಮಕ್ಕಳಿಗೆ ಈ ಬದುಕು ಆಗುತ್ತಾ ಅಂತ ಭಾವನವರು ಮುಂದೆ ಕೇಳಿದರೆ ಜರ್ಮನಿಯ ಪಿಯಾನೋ ಕಲಾವಿದೆ ಕ್ಲಾರಾ ಶೂಮನ್ ಹೆಸರು ಹೇಳಿ. ಒಂಬತ್ತನೇ ವಯಸ್ಸಿಗೆ, 1828ರಲ್ಲಿ, ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ವೇದಿಕೆ ಹತ್ತಿದವರು. ಗಂಡ ರಾಬರ್ಟ್ 1856ರಲ್ಲಿ ತೀರಿಕೊಂಡಾಗ ಮನೆಯಲ್ಲಿ ಏಳು ಮಕ್ಕಳು. ಯುರೋಪು ತುಂಬಾ ಕಛೇರಿ ಮಾಡಿ ಅವರನ್ನು ಸಾಕಿದರು. 1878ರಿಂದ ಫ್ರಾಂಕ್‌ಫರ್ಟ್‌ನಲ್ಲಿ ಪಾಠ ಹೇಳಿದರು, ಕೊನೆಯ ಕಛೇರಿ 1891ರಲ್ಲಿ. ಅರವತ್ತು ವರ್ಷ ದಾಟಿದ ವೃತ್ತಿ ಅದು. ಪುಸ್ತಕ ಮುಂದಿಡದೆ ಬಾಯಿಪಾಠದಿಂದ ನುಡಿಸುವ ಪದ್ಧತಿ ತಂದವರಲ್ಲಿ ಅವರೂ ಒಬ್ಬರು.

ಕೋಡಿಬಾಗದ ಅಮ್ಮ

ನಿಮ್ಮೆಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಇಷ್ಟನ್ನೂ ಮಗಳಿಗೆ ಓದಿ ಹೇಳಿದೆ, ಫ್ಲೈಶರ್ ಅವರದನ್ನು ಎರಡು ಸಲ ಓದಿಸಿಕೊಂಡಳು. ಜರ್ಮನಿಗೆ ಹೋಗಬೇಕಿದ್ದರೆ ಏನು ತಯಾರಿ ಬೇಕು? ಇನ್ನೊಂದು, ಇಲ್ಲೇ ಒಂದು ಹಳೇ ಮನೆಯಲ್ಲಿ ನೆಟ್ಟಗೆ ನಿಲ್ಲುವ ಪಿಯಾನೋ ಮಾರಾಟಕ್ಕಿದೆ. ನೋಡಲು ಚೆನ್ನಾಗಿದೆ, ಬೆಲೆ ಕಡಿಮೆ. ಕೊಳ್ಳಬಹುದಾ?

ಅಂಕೋಲೆಯವ

ಗ್ರೇಡ್ 8 ಅನ್ನು ಅಲ್ಲಿಯ ಕಾಲೇಜುಗಳ ಹೊಸ್ತಿಲು ಅಂದುಕೊಳ್ಳಿ. ಪ್ರವೇಶ ಪರೀಕ್ಷೆಯಲ್ಲಿ ಎದುರು ಕೂತವರಿಗೆ ನುಡಿಸಿ ತೋರಿಸಬೇಕು: ಸಾಮಾನ್ಯವಾಗಿ ಬಾಖ್‌ನದೊಂದು, ಮೊಜಾರ್ಟ್ ಅಥವಾ ಬೆಥೋವನ್‌ನ ಸೊನಾಟಾ ಒಂದು, ಶೋಪಾನ್ ಕಾಲದ್ದೊಂದು, ಈಚಿನ ಕಾಲದ್ದೊಂದು. ಜೊತೆಗೆ ಕೇಳಿ ಬರೆಯುವ ಪರೀಕ್ಷೆ, ಸಿದ್ಧಾಂತ, ಜರ್ಮನ್ ಭಾಷೆ. ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ, ಖರ್ಚು ಬರುವುದು ಊಟ ವಸತಿಗೆ. ನಾಲ್ಕು ವರ್ಷ ಸಮಯವಿದೆ. ಪಿಯುಸಿ ಬಿಡಿಸಬೇಡಿ, ಅದು ಬೇಕೇ ಬೇಕು. ಹಳೇ ಪಿಯಾನೋ ವಿಷಯ ನನ್ನ ಕೈಮೀರಿದ್ದು, ತಿಳಿದವರು ಹೇಳಲಿ.

ಕಾಣಕೋಣ ಟ್ಯೂನರ್

ಆ ಪಿಯಾನೋದ ಒಳಗೆ ನೋಡದೆ ಮುಂಗಡ ಕೊಡಬೇಡಿ ಅಕ್ಕಾ. ನಾನು ಗೋವಾ, ಕಾರವಾರ ಎರಡೂ ಕಡೆ ಪಿಯಾನೋ ಶ್ರುತಿ ಮಾಡುತ್ತೇನೆ. ಒಂದು ಪಿಯಾನೋದಲ್ಲಿ ಸುಮಾರು 230 ತಂತಿ, ಎಲ್ಲ ಸೇರಿ 15ರಿಂದ 20 ಟನ್ ಎಳೆತ. ಆ ಎಳೆತ ತಡೆಯುವುದು ಒಳಗಿನ ಕಬ್ಬಿಣದ ಚೌಕಟ್ಟು, ದನಿ ಕೊಡುವುದು ಹಿಂದಿನ ತೆಳು ಮರದ ಹಲಗೆ. ಮಳೆಗಾಲದಲ್ಲಿ ಆ ಹಲಗೆ ನೀರು ಹೀರಿ ಉಬ್ಬುತ್ತೆ, ಶ್ರುತಿ ಏರುತ್ತೆ. ಒಣ ಹವೆ ಬಂದಾಗ ಕುಗ್ಗಿ ಇಳಿಯುತ್ತೆ. ಪಿಯಾನೋಗೆ ಶೇಕಡಾ 40ರಿಂದ 60ರಷ್ಟು ತೇವಾಂಶ ಹಿತ, ನಮ್ಮಲ್ಲಿ ಜುಲೈನಲ್ಲಿ 85 ದಾಟುವುದು ಮಾಮೂಲು. ಅದರ ಮೇಲೆ ಉಪ್ಪುಗಾಳಿ.

ಹೊರಗಿನ ಪಾಲಿಶ್ ನೋಡಬೇಡಿ. ಮೇಲಿನ ಮುಚ್ಚಳ ತೆಗೆಯಿರಿ, ಮಂಡಿಯ ಹತ್ತಿರದ ಹಲಗೆಯನ್ನೂ ಬಿಚ್ಚಿಸಿ, ಟಾರ್ಚ್ ಹಾಕಿ. ದಪ್ಪ ತಂತಿಗಳ ತಾಮ್ರದ ಸುತ್ತು ಹಸಿರುಗಟ್ಟಿದೆಯಾ? ತಂತಿ ಸುತ್ತಿದ ಪಿನ್‌ಗಳ ಬುಡದಲ್ಲಿ ತುಕ್ಕು ಇದೆಯಾ? ಹಿಂಭಾಗವನ್ನು ಗೋಡೆಯಿಂದ ಸರಿಸಿ ಗೆದ್ದಲಿನ ಮಣ್ಣು ಇದೆಯಾ ನೋಡಿ. ಆಮೇಲೆ ಮಗಳ ಹತ್ತಿರ 88 ಕೀಗಳನ್ನೂ ಒಂದೊಂದಾಗಿ ನಿಧಾನಕ್ಕೆ ಒತ್ತಿಸಿ, ಒತ್ತಿದ್ದು ತಾನೇ ಮೇಲೆ ಬರಬೇಕು. ಫೋನಿನ ಟ್ಯೂನರ್‌ನಲ್ಲಿ ಮಧ್ಯದ ಎ ಸ್ವರ 440 ಹರ್ಟ್ಜ್ ಹತ್ತಿರ ಇದೆಯಾ ನೋಡಿ. ಇಡೀ ಪಿಯಾನೋ ಅರ್ಧ ಸ್ವರ ಕೆಳಗಿದ್ದರೆ ಬಹಳ ವರ್ಷ ಯಾರೂ ಮುಟ್ಟಿಲ್ಲ ಅಂತ ಅರ್ಥ, ಒಮ್ಮೆಲೇ ಏರಿಸಲು ಹೋದರೆ ತುಕ್ಕು ಹಿಡಿದ ತಂತಿ ತುಂಡಾಗುತ್ತೆ. ಪಿನ್ ಕೂತ ಮರವೇ ಸಡಿಲವಾಗಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಅದು ಸರಿ ಬರದಿದ್ದರೆ ಸದ್ಯಕ್ಕೆ 88 ಕೀ ಇರುವ, ತೂಕದ ಕೀಗಳ ಡಿಜಿಟಲ್ ಪಿಯಾನೋ ಸಾಕು. ಐವತ್ತು ಅರವತ್ತು ಸಾವಿರದ ಆಸುಪಾಸಿನಿಂದ ಶುರುವಾಗುತ್ತೆ, ಶ್ರುತಿಯ ಖರ್ಚಿಲ್ಲ. ಮಡಗಾಂವಿನ ಟೀಚರ್ ಮನೆಯಲ್ಲಿ ಹೇಗೂ ನಿಜವಾದದ್ದು ಸಿಗುತ್ತೆ, ಶನಿವಾರ ಒಂದು ಗಂಟೆ ಮೊದಲೇ ಹೋಗಿ ಅದರಲ್ಲಿ ಕೈ ಪಳಗಿಸಿಕೊಳ್ಳಲಿ. ಹಳೇದು ಚೆನ್ನಾಗಿದ್ದರೆ ಮಾತ್ರ ಒಳಗೋಡೆಯ ಪಕ್ಕ ಇಡಿ, ಕಡಲಿನ ಕಡೆ ಕಿಟಕಿ ಇರುವ ಕೋಣೆ ಬೇಡ. ಮಳೆ ನಿಂತ ಮೇಲೆ ಒಮ್ಮೆ, ಫೆಬ್ರವರಿ ಹೊತ್ತಿಗೆ ಒಮ್ಮೆ ಶ್ರುತಿ ಮಾಡಿಸಬೇಕಾಗುತ್ತೆ. ಮುಚ್ಚಳ ತೆಗೆದು ಪಿನ್‌ಗಳ ಸಾಲಿನದ್ದು, ದಪ್ಪ ತಂತಿಗಳದ್ದು ಫೋಟೋ ತೆಗೆದು ಇಲ್ಲೇ ಹಾಕಿ. ನಾನು ನೋಡಿ ಹೇಳುತ್ತೇನೆ, ಬೆಲೆಯ ಮಾತು ಆಮೇಲೆ ಆಡಿದರಾಯಿತು.